ಆದೇಶ ಪಾಲಿಸುವುದನ್ನು ಕಲಿಸಿದ್ದೇವೆ, ನಿರಾಕರಿಸುವುದನ್ನೂ ಕಲಿಸೋಣ

(ನರ್ಸಿಂಗ್ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ)

ಕರ್ನಾಟಕದ ನರ್ಸಿಂಗ್ ಶಾಲೆ, ಕಾಲೇಜುಗಳ ಪ್ರಾಂಶುಪಾಲರಿಗೆ, ಅಧ್ಯಾಪಕರಿಗೆ, ವಾರ್ಡುಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಕೈಹಿಡಿದು ಕೆಲಸ ಕಲಿಸುವ ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಮತ್ತು ಬ್ರದರ್‌ಗಳಿಗೆ,



ಕೊನೆಯ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಹಾಸ್ಟೆಲ್ಲಿನಲ್ಲಿ ನಡೆಯುವ ಮಾತುಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಪ್ರೊಮೆಟ್ರಿಕ್ ಪರೀಕ್ಷೆಗೆ ಎಲ್ಲಿ ಕೋಚಿಂಗ್ ತೆಗೆದುಕೊಳ್ಳುವುದು, ಒಇಟಿ ಬರೆಯುವುದೋ ಬೇಡವೋ, ಯಾವ ಏಜೆಂಟನ್ನು ನಂಬಬಹುದು, ಸೌದಿಯಲ್ಲಿ ಸಂಬಳ ಎಷ್ಟು, ಕುವೈತಿನಲ್ಲಿ ಎಷ್ಟು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅವರಿಂದ ಕೇಳಿದ ಸುದ್ದಿಯೂ ಈ ಮಾತುಕತೆಯಲ್ಲಿ ಸೇರುತ್ತದೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಆಸ್ಪತ್ರೆಯ ಗೇಟಿಗೆ ಬಂದೂಕು ಹಿಡಿದವರು ಬಂದು ನಿಂತರೆ ನಾನೇನು ಮಾಡಬೇಕು ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಆ ಪ್ರಶ್ನೆ ಅವರ ತಲೆಗೆ ಬರುವಂಥ ಪಾಠವೂ ನಮ್ಮಲ್ಲಿಲ್ಲ. ಡಿಸಾಸ್ಟರ್ ನರ್ಸಿಂಗ್ ಪಾಠದಲ್ಲಿ ಕೆಂಪು, ಹಳದಿ, ಹಸಿರು, ಕಪ್ಪು ಚೀಟಿ ಕಟ್ಟುವುದನ್ನು ಕಲಿಸುತ್ತೇವೆ. ಯುದ್ಧದ ನಡುವೆ ಸಿಕ್ಕಿಕೊಂಡ ನರ್ಸ್ ಎದುರಿಸಬೇಕಾದ ಧರ್ಮಸಂಕಟಗಳನ್ನು ಕಲಿಸುವುದಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಅದನ್ನು ಕುರಿತು.

2014ರ ಜೂನ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಇರಾಕಿನ ತಿಕ್ರಿತ್ ನಗರ ಐಸಿಸ್ ಕೈಗೆ ಹೋದಾಗ ಅಲ್ಲಿನ ಬೋಧನಾ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ನರ್ಸ್‌ಗಳಿದ್ದರು, ಹೆಚ್ಚಿನವರು ಕೇರಳದ ಹೆಣ್ಣುಮಕ್ಕಳು. ಮೂರು ವಾರಗಳ ಕಾಲ ಆಸ್ಪತ್ರೆಯ ಒಳಗೇ ಉಳಿದರು. ಹೊರಗೆ ಗುಂಡಿನ ಸದ್ದು. ಜುಲೈ 3ರಂದು ಬಂದೂಕುಧಾರಿಗಳು ಅವರನ್ನು ಬಸ್ಸಿಗೆ ಹತ್ತಿಸಿ ಮೊಸುಲ್ ನಗರಕ್ಕೆ ಕರೆದೊಯ್ದರು, ಮರುದಿನ ಬಿಟ್ಟರು. ಜುಲೈ 5ರಂದು ಅವರ ವಿಮಾನ ಕೊಚ್ಚಿಯಲ್ಲಿ ಇಳಿಯಿತು. ಟಿವಿಯಲ್ಲಿ ನಾವೆಲ್ಲ ಕಣ್ಣೀರಿಟ್ಟು ನೋಡಿದೆವು. 2017ರಲ್ಲಿ ಮಲಯಾಳದಲ್ಲಿ ‘ಟೇಕ್ ಆಫ್’ ಎಂಬ ಸಿನಿಮಾವೂ ಬಂತು. ಅಲ್ಲಿಗೆ ನಮ್ಮ ಮಟ್ಟಿಗೆ ಅದು ಪಾರಾಗಿ ಬಂದವರ ಕಥೆಯಾಗಿ ಮುಗಿಯಿತು.

ನರ್ಸಿಂಗ್ ಕಲಿಸುವವರಿಗೆ ಅದು ಅಷ್ಟಕ್ಕೇ ಮುಗಿಯಬಾರದು. ಆ ಹುಡುಗಿಯರಲ್ಲಿ ಹಲವರು ಏಜೆಂಟರಿಗೆ ಹಣ ಕೊಡಲು ಸಾಲ ಮಾಡಿ ಹೋದವರು. ತಿಂಗಳುಗಳ ಸಂಬಳ ಬಾಕಿಯಿತ್ತು. ಊರಿಗೆ ವಾಪಸು ಬನ್ನಿ ಎಂದರೆ, ಸಾಲ ಯಾರು ತೀರಿಸುತ್ತಾರೆ ಎಂದು ಹಿಂದೆಮುಂದೆ ನೋಡಿದವರೂ ಅವರಲ್ಲಿದ್ದರು. ಅಂಥ ಹೊತ್ತಿನಲ್ಲಿ ‘ರೋಗಿಯನ್ನು ಬಿಟ್ಟು ಹೋಗಬಾರದು’ ಎಂಬ ನಮ್ಮ ಪಾಠಕ್ಕೆ ಏನು ಅರ್ಥ ಉಳಿಯುತ್ತದೆ? ಸಾಲಕ್ಕೆ ಹೆದರಿ ಉಳಿದವಳನ್ನು ಸೇವೆಗಾಗಿ ಉಳಿದಳು ಎಂದು ಹೊಗಳುವುದು ಸರಿಯೇ? ಜೀವಕ್ಕೆ ಹೆದರಿ ಹೊರಟವಳನ್ನು ಕರ್ತವ್ಯ ಬಿಟ್ಟವಳು ಎನ್ನಬಹುದೇ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಉಳಿಯುವುದು ದೊಡ್ಡ ಕೆಲಸ. ಆದರೆ ಹೊರಡುವ ಸ್ವಾತಂತ್ರ್ಯ ನಿಜವಾಗಿ ಇದ್ದವಳು ಉಳಿದಾಗ ಮಾತ್ರ ಅದು ಅವಳ ನಿರ್ಧಾರ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿದ್ದು, ಬ್ಯಾಂಕಿನ ಕಂತು ಅಪ್ಪನ ತಲೆಯ ಮೇಲಿದ್ದರೆ ಅದು ಅವಳ ನಿರ್ಧಾರವಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ, ಅಂದರೆ ಐಸಿಎನ್, 1953ರಲ್ಲಿ ಮೊದಲ ಬಾರಿಗೆ ಒಪ್ಪಿದ ನೀತಿಸಂಹಿತೆಯನ್ನು 2021ರಲ್ಲಿ ಪರಿಷ್ಕರಿಸಿತು. ರೋಗಿಯ ಹಿತದ ಜೊತೆಗೆ ನರ್ಸ್ ತನ್ನ ಆರೋಗ್ಯವನ್ನೂ ಘನತೆಯನ್ನೂ ಕಾಪಾಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಈ ಮಾತನ್ನು ನಮ್ಮ ತರಗತಿಗಳಲ್ಲಿ ಗಟ್ಟಿಯಾಗಿ ಹೇಳುವವರು ಕಡಿಮೆ. ಸೇವೆ ಎಂದರೆ ತ್ಯಾಗ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ತಿಕ್ರಿತ್ ಘಟನೆಯ ನಂತರ, 2015ರಲ್ಲಿ, ಗಲ್ಫ್ ಸೇರಿದಂತೆ ಎಮಿಗ್ರೇಷನ್ ಅನುಮತಿ ಬೇಕಾದ ದೇಶಗಳಿಗೆ ನರ್ಸ್‌ಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ ತಂದಿತು. ಏಜೆಂಟರ ಸುಲಿಗೆಗೆ ಕಡಿವಾಣ ಹಾಕುವ ಪ್ರಯತ್ನ ಅದು. ಅದೇ ವರ್ಷ ಯೆಮನ್ ಯುದ್ಧದಲ್ಲಿ ‘ಆಪರೇಷನ್ ರಾಹತ್’ ಹೆಸರಿನಲ್ಲಿ ಹಡಗು, ವಿಮಾನಗಳಲ್ಲಿ ನಮ್ಮವರನ್ನು ಕರೆತಂದಾಗ ಅವರಲ್ಲೂ ನರ್ಸ್‌ಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಅಂದರೆ ನಮ್ಮ ಮಕ್ಕಳು ಯುದ್ಧವನ್ನು ಹುಡುಕಿಕೊಂಡು ಹೋಗದಿದ್ದರೂ ಯುದ್ಧ ಅವರಿದ್ದಲ್ಲಿಗೆ ಬರುತ್ತದೆ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಶಿಕ್ಷಣ ವಿಧೇಯತೆಯ ಶಿಕ್ಷಣ. ಡಾಕ್ಟರ್ ಬರೆದ ಆರ್ಡರ್, ಮೆಟ್ರನ್ ಹೇಳಿದ ಮಾತು, ಇನ್‌ಚಾರ್ಜ್ ಕಣ್ಣಸನ್ನೆ. ದೀಪ ಹಚ್ಚಿ ಮಕ್ಕಳ ಬಾಯಲ್ಲಿ ಹೇಳಿಸುವ ಪ್ರತಿಜ್ಞೆ ನೈಟಿಂಗೇಲ್ ಹೆಸರಿನಲ್ಲಿದ್ದರೂ ಅದನ್ನು ಆಕೆ ಬರೆಯಲಿಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ನರ್ಸಿಂಗ್ ಶಾಲೆಯೊಂದರಲ್ಲಿ ಲಿಸ್ಟ್ರಾ ಗ್ರೆಟರ್ ಎಂಬ ಮೇಲ್ವಿಚಾರಕಿಯ ನೇತೃತ್ವದ ಸಮಿತಿ ಬರೆಯಿತು. ಅದರಲ್ಲಿ ವೈದ್ಯನ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತಿದೆ. ಹಾನಿಕರ ಎಂದು ಗೊತ್ತಿರುವ ಔಷಧವನ್ನು ಯಾರಿಗೂ ಕೊಡುವುದಿಲ್ಲ ಎಂಬ ಮಾತೂ ಇದೆ. ಮೊದಲನೆಯದನ್ನು ನಾವು ವಾರ್ಡಿನಲ್ಲಿ ದಿನವೂ ಪಾಠ ಮಾಡುತ್ತೇವೆ. ಎರಡನೆಯದು ಮತ್ತು ಮೊದಲನೆಯದು ಒಂದಕ್ಕೊಂದು ಎದುರಾಗಿ ನಿಂತರೆ ಯಾವುದನ್ನು ಬಿಡಬೇಕು ಎಂಬುದನ್ನು ಪ್ರತಿಜ್ಞೆಯೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಎದುರಾಗಿ ನಿಂತದ್ದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ ಮನೋರೋಗಿಗಳನ್ನು, ಅಂಗವಿಕಲ ಮಕ್ಕಳನ್ನು ಸರ್ಕಾರವೇ ಕೊಲ್ಲಿಸಿತು. ಹಡಮಾರ್, ಮೆಸೆರಿಟ್ಸ್-ಓಬ್ರವಾಲ್ಡೆ ಎಂಬ ಆಸ್ಪತ್ರೆಗಳಲ್ಲಿ ಆ ಕೆಲಸ ನಡೆದದ್ದು ನರ್ಸ್‌ಗಳ ಕೈಯಿಂದ. ಹೆಚ್ಚು ಪ್ರಮಾಣದ ನಿದ್ರೆಯ ಔಷಧವನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು, ಇಂಜೆಕ್ಷನ್ ಚುಚ್ಚಿದರು. ಅದೇ ಕೈಗಳು ಅದೇ ರೋಗಿಗಳ ಹಾಸಿಗೆ ಬದಲಿಸಿದ್ದವು, ಊಟ ಮಾಡಿಸಿದ್ದವು. ಯುದ್ಧ ಮುಗಿದ ಮೇಲೆ ವಿಚಾರಣೆಗಳು ನಡೆದವು. ಕೆಲವರಿಗೆ ಗಲ್ಲಾಯಿತು, ಕೆಲವರಿಗೆ ಜೈಲಾಯಿತು. ಓಬ್ರವಾಲ್ಡೆಯ 14 ಮಂದಿ ನರ್ಸ್‌ಗಳ ವಿಚಾರಣೆ 1965ರಲ್ಲಿ ಮ್ಯೂನಿಕ್‌ನಲ್ಲಿ ನಡೆದಾಗ ಎಲ್ಲರೂ ಬಿಡುಗಡೆಯಾದರು. ‘ಮೇಲಿನವರು ಹೇಳಿದರು, ಮಾಡಿದೆವು’ ಎಂಬುದೇ ಅವರ ಸಮರ್ಥನೆಯ ತಿರುಳು. ಅವರು ರಾಕ್ಷಸಿಯರಾಗಿದ್ದರು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಹೆದರಿಕೆ ಹುಟ್ಟಿಸುವ ಸಂಗತಿ ಬೇರೆ. ಅವರಲ್ಲಿ ಹಲವರು ಒಳ್ಳೆಯ ನರ್ಸ್‌ಗಳು ಎಂದು ಹೆಸರು ಪಡೆದವರು. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಚೊಕ್ಕವಾಗಿ ಮಾಡುವವರು. ನಾವೂ ಇಂಟರ್ನಲ್ ಅಂಕ ಕೊಡುವುದು ಇದೇ ಗುಣಕ್ಕೆ ಅಲ್ಲವೇ?

ಅದು ದೂರದ ದೇಶ, ಹಳೆಯ ಕಾಲ ಎಂದು ಅನ್ನಿಸಿದರೆ ನಮ್ಮ ಸ್ಕಿಲ್ ಲ್ಯಾಬಿಗೇ ಬನ್ನಿ. ರೈಲ್ಸ್ ಟ್ಯೂಬ್ ಹಾಕುವುದನ್ನು ಮ್ಯಾನಿಕಿನ್ ಮೇಲೆ ತೋರಿಸಿಕೊಡುತ್ತೀರಿ. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿಗೆ ಅಳತೆ ಹಿಡಿದು ಟ್ಯೂಬಿಗೆ ಗುರುತು ಹಾಕಬೇಕು. ತುದಿಗೆ ಜೆಲ್ಲಿ ಸವರಬೇಕು. ತಲೆಯನ್ನು ಮುಂದಕ್ಕೆ ಬಾಗಿಸಿ, ‘ನುಂಗಿ, ನುಂಗಿ’ ಎಂದು ಹೇಳುತ್ತ ತಳ್ಳಬೇಕು. ಹೊಟ್ಟೆಯ ರಸ ಎಳೆದು ನೋಡಿ ಸರಿಯಾದ ಜಾಗಕ್ಕೆ ಹೋಗಿದೆಯೆಂದು ಖಚಿತವಾದ ಮೇಲೆ ಪ್ಲಾಸ್ಟರ್ ಅಂಟಿಸಬೇಕು. ಪ್ರತಿ ಹಂತಕ್ಕೂ ಅಂಕವಿದೆ. ರೋಗಿ ಎಚ್ಚರವಾಗಿದ್ದು, ಬುದ್ಧಿ ಸ್ವಾಧೀನದಲ್ಲಿದ್ದು, ‘ಬೇಡ, ನಾನು ಉಣ್ಣುವುದಿಲ್ಲ ಎಂದು ತೀರ್ಮಾನಿಸಿದ್ದೇನೆ’ ಎಂದರೆ? ಅದಕ್ಕೆ ಚೆಕ್‌ಲಿಸ್ಟಿನಲ್ಲಿ ಸಾಲಿಲ್ಲ.

ಇಂಫಾಲದ ಆಸ್ಪತ್ರೆಯೊಂದರ ಭದ್ರತಾ ವಾರ್ಡಿನಲ್ಲಿ ಮಣಿಪುರದ ಹೋರಾಟಗಾರ್ತಿ ಇರೋಮ್ ಶರ್ಮಿಳಾ ಮೂಗಿನಲ್ಲಿ ಇದೇ ಟ್ಯೂಬ್ ಇಟ್ಟುಕೊಂಡು ಸುಮಾರು 16 ವರ್ಷ ಕಳೆದರು. 2000ನೇ ಇಸವಿಯ ನವೆಂಬರ್‌ನಲ್ಲಿ ಮಾಲೋಮ್‌ನಲ್ಲಿ ನಾಗರಿಕರ ಮೇಲೆ ಗುಂಡು ಹಾರಿದ ಬಳಿಕ ಸೇನೆಯ ವಿಶೇಷಾಧಿಕಾರ ಕಾಯ್ದೆ ರದ್ದಾಗಲಿ ಎಂದು ಅವರು ಆರಂಭಿಸಿದ ಉಪವಾಸ 2016ರ ಆಗಸ್ಟ್ 9ರವರೆಗೆ ನಡೆಯಿತು. ಅಷ್ಟು ಕಾಲವೂ ದಿನದಿನವೂ ಫೀಡ್ ಕೊಟ್ಟ ಕೈಗಳು ಯಾರವು? ಪತ್ರಿಕೆಗಳು ಶರ್ಮಿಳಾ ಬಗ್ಗೆ ಬರೆದವು, ಸರ್ಕಾರದ ಬಗ್ಗೆ ಬರೆದವು. ಆ ನರ್ಸ್‌ಗಳ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರು ಕಡಿಮೆ. ಜೀವ ಉಳಿಸಿದೆವು ಎಂದುಕೊಂಡರೋ, ಒಬ್ಬ ಹೆಣ್ಣುಮಗಳ ‘ಬೇಡ’ ಎಂಬ ಮಾತನ್ನು ಮುರಿದೆವು ಎಂದುಕೊಂಡರೋ? ನಾನು ಅವರನ್ನು ದೂಷಿಸಲಾರೆ. ಹೊತ್ತುಹೊತ್ತಿಗೆ ಅವರು ಶರ್ಮಿಳಾರ ಆರೈಕೆಯನ್ನೂ ಮಾಡಿದ್ದಾರೆ. ಆದರೆ ಹೀಗೊಂದು ಪ್ರಶ್ನೆ ಇದೆಯೆಂಬುದೇ ಗೊತ್ತಿಲ್ಲದೆ ಆ ಕೆಲಸ ಮಾಡುವುದು ಬೇರೆ, ಗೊತ್ತಿದ್ದು ಮಾಡುವುದೋ ಬಿಡುವುದೋ ಬೇರೆ.

ಬಿಟ್ಟವರೂ ಇದ್ದಾರೆ. ಗ್ವಾಂಟನಾಮೊ ಸೆರೆಮನೆಯಲ್ಲಿ 2013ರಲ್ಲಿ ನೂರಕ್ಕೂ ಹೆಚ್ಚು ಕೈದಿಗಳು ಉಪವಾಸ ಹೂಡಿದಾಗ ಅಮೆರಿಕದ ಸೇನೆ ಅವರನ್ನು ಕುರ್ಚಿಗೆ ಬಿಗಿದು ಟ್ಯೂಬಿನಲ್ಲಿ ಆಹಾರ ಇಳಿಸಿತು. ಬುದ್ಧಿ ಸ್ವಾಧೀನದಲ್ಲಿರುವ ಉಪವಾಸಿಗೆ ಬಲವಂತವಾಗಿ ಉಣಿಸಕೂಡದು ಎಂದು ಜಾಗತಿಕ ವೈದ್ಯ ಸಂಘ 1975ರ ಟೋಕಿಯೊ ಘೋಷಣೆಯಲ್ಲೂ 1991ರ ಮಾಲ್ಟಾ ಘೋಷಣೆಯಲ್ಲೂ ಹೇಳಿದ್ದರೂ ಅದು ನಡೆಯಿತು. 2014ರಲ್ಲಿ ಅಲ್ಲಿಗೆ ನಿಯೋಜಿತನಾದ ನೌಕಾದಳದ ನರ್ಸ್ ಒಬ್ಬ, ಕಣ್ಣಾರೆ ನೋಡಿದ ಮೇಲೆ, ಇದನ್ನು ನಾನು ಮಾಡುವುದಿಲ್ಲ ಎಂದ. ಅವನನ್ನು ಸೇವೆಯಿಂದ ತೆಗೆಯುವ ಪ್ರಕ್ರಿಯೆಯೂ ಶುರುವಾಯಿತು. ಅಮೆರಿಕದ ನರ್ಸ್‌ಗಳ ಸಂಘ ಬೆನ್ನಿಗೆ ನಿಂತಿತು. ಮರುವರ್ಷ ಆ ಪ್ರಕ್ರಿಯೆಯನ್ನು ಕೈಬಿಟ್ಟರು. ಇದರಲ್ಲಿ ಎರಡು ಸಂಗತಿ ಗಮನಿಸಿ. ಅವನು ಸೈನಿಕನಾಗಿದ್ದೂ ನರ್ಸ್ ಆಗಿ ಯೋಚಿಸಿದ. ಅವನು ಒಂಟಿಯಾಗಿ ನಿಂತಾಗ ಅವನ ಸಂಘ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಹೆಚ್ಚು ದಿನ ಬಾಳುವುದಿಲ್ಲ. ನಮ್ಮ ಸಂಘಗಳು ಸಂಬಳ, ಬಡ್ತಿ, ವರ್ಗಾವಣೆಗೆ ಹೋರಾಡುತ್ತವೆ, ಹೋರಾಡಲೇಬೇಕು. ನೀತಿಯ ಕಾರಣಕ್ಕೆ ಆದೇಶ ಒಪ್ಪದ ಒಬ್ಬ ಸ್ಟಾಫ್ ನರ್ಸ್‌ಗಾಗಿ ಅವು ನಿಲ್ಲುತ್ತವೆಯೇ?

ಕಾನೂನು ನರ್ಸ್ ಪರವಾಗಿದೆ. ಇದನ್ನಾದರೂ ನಮ್ಮ ಮಕ್ಕಳಿಗೆ ಹೇಳಿ ಕಳಿಸಬೇಕು. 1949ರ ಆಗಸ್ಟ್ 12ರ ಜಿನೀವಾ ಒಪ್ಪಂದಗಳನ್ನು ಭಾರತ 1950ರಲ್ಲೇ ಒಪ್ಪಿಕೊಂಡಿತು. 1960ರಲ್ಲಿ ಅದಕ್ಕಾಗಿ ಕಾಯ್ದೆಯನ್ನೂ ಮಾಡಿತು. ಮೊದಲ ಒಪ್ಪಂದದ 12ನೇ ವಿಧಿಯ ಪ್ರಕಾರ ಗಾಯಾಳುಗಳಲ್ಲಿ ನಮ್ಮವ, ಅವರವ ಎಂಬ ಭೇದವಿಲ್ಲ. ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ವೈದ್ಯಕೀಯ ತುರ್ತು ಮಾತ್ರ ತೀರ್ಮಾನಿಸಬೇಕು. 18ನೇ ವಿಧಿಯಂತೆ ಗಾಯಾಳುಗಳಿಗೆ, ರೋಗಿಗಳಿಗೆ ಶುಶ್ರೂಷೆ ಮಾಡಿದ ಕಾರಣಕ್ಕೆ ಯಾರನ್ನೂ ಎಂದಿಗೂ ಪೀಡಿಸುವಂತಿಲ್ಲ, ಶಿಕ್ಷಿಸುವಂತಿಲ್ಲ. 1977ರ ಹೆಚ್ಚುವರಿ ಒಡಂಬಡಿಕೆ ಇನ್ನೂ ಮುಂದೆ ಹೋಗಿ, ವೈದ್ಯಕೀಯ ನೀತಿಗೆ ವಿರುದ್ಧವಾದ ಕೆಲಸ ಮಾಡುವಂತೆ ವೈದ್ಯಕೀಯ ಸಿಬ್ಬಂದಿಯನ್ನು ಬಲವಂತಪಡಿಸಕೂಡದು ಎನ್ನುತ್ತದೆ. ಭಾರತ ಈ ಒಡಂಬಡಿಕೆಗೆ ಇನ್ನೂ ಸೇರಿಲ್ಲ. ಆದರೆ 12 ಮತ್ತು 18ನೇ ವಿಧಿಗಳು ನಮ್ಮವೇ.

ಕಾನೂನಿದ್ದರೂ ಪಾಲಿಸುವವರು ಯಾರು ಎಂದು ನೀವು ಕೇಳಬಹುದು. ಬಹರೇನ್‌ನಲ್ಲಿ 2011ರ ಪ್ರತಿಭಟನೆಯ ಗಾಯಾಳುಗಳಿಗೆ ಆರೈಕೆ ಮಾಡಿದ ವೈದ್ಯಕೀಯ ಸಿಬ್ಬಂದಿಯನ್ನು ಸೆರೆಗೆ ಹಾಕಿದರು. ಅಲ್ಲಿನ ನರ್ಸ್‌ಗಳ ಸಂಘದ ಅಧ್ಯಕ್ಷೆ ರುಲಾ ಅಲ್-ಸಫರ್ ಅವರಿಗೆ 15 ವರ್ಷದ ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿಯಲ್ಲಿ ಅವರು ಖುಲಾಸೆಯಾದರು. ಸಿರಿಯಾದ ಸರ್ಕಾರ 2012ರಲ್ಲಿ ತಂದ ಭಯೋತ್ಪಾದನಾ ವಿರೋಧಿ ಕಾನೂನಿನಿಂದ, ವಿರೋಧಿಗಳಿರುವ ಊರಿನಲ್ಲಿ ಬ್ಯಾಂಡೇಜು ಕಟ್ಟುವುದೂ ಅಪರಾಧದಂತಾಯಿತು. ನೈಜೀರಿಯಾದ ರಾನ್ ಎಂಬ ಊರಿನಲ್ಲಿ 2018ರ ಮಾರ್ಚ್‌ನಲ್ಲಿ ಉಗ್ರರು ಹೊತ್ತೊಯ್ದ ರೆಡ್‌ಕ್ರಾಸ್ ಸೂಲಗಿತ್ತಿಯರಾದ ಸೈಫುರಾ ಖೋರ್ಸಾ ಮತ್ತು ಹವಾ ಲಿಮಾನ್ ಅವರನ್ನು ಅದೇ ವರ್ಷದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಬ್ಬರ ನಂತರ ಒಬ್ಬರನ್ನು ಕೊಂದರು. ಇಬ್ಬರಿಗೂ ಇಪ್ಪತ್ತರ ಹರೆಯ.

ಅಫ್ಘಾನಿಸ್ತಾನದ ಕುಂದುಜ್ ನಗರದಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಗೇಟಿನಲ್ಲೇ ಬಂದೂಕು ಬಿಟ್ಟು ಒಳಗೆ ಬರಬೇಕೆಂಬ ನಿಯಮವಿತ್ತು. ತಾಲಿಬಾನಿನವನೂ ಸರ್ಕಾರಿ ಸೈನಿಕನೂ ಒಂದೇ ಸೂರಿನಡಿ ಮಲಗಿರುತ್ತಿದ್ದರು. ಆಸ್ಪತ್ರೆ ಎಲ್ಲಿದೆಯೆಂಬ ಜಿಪಿಎಸ್ ವಿವರವನ್ನು ಎಲ್ಲ ಕಡೆಯವರಿಗೂ ಕೊಟ್ಟಿದ್ದರು. ಆದರೂ 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಯುದ್ಧವಿಮಾನ ಅದರ ಮೇಲೆ ದಾಳಿ ಮಾಡಿತು. ಸತ್ತವರು 42 ಮಂದಿ. ಅವರಲ್ಲಿ 24 ರೋಗಿಗಳು, 14 ಸಿಬ್ಬಂದಿ, ರೋಗಿಗಳ ಜೊತೆಗೆ ಬಂದಿದ್ದ ನಾಲ್ವರು. ಬದುಕುಳಿದ ಸಿಬ್ಬಂದಿ ತಮ್ಮ ಸಹೋದ್ಯೋಗಿಗಳ ಮೇಲೆಯೇ ಶಸ್ತ್ರಚಿಕಿತ್ಸೆಗೆ ಕೈಹಾಕಬೇಕಾಯಿತು. ಇಂಥದ್ದು ನಿಲ್ಲಬೇಕೆಂದು ಮರುವರ್ಷ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2286ನೇ ನಿರ್ಣಯ ಅಂಗೀಕರಿಸಿತು. ಅದಾದ ಮೇಲೂ ಮರಿಯುಪೋಲ್‌ನ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು, ಗಾಜಾದ ಆಸ್ಪತ್ರೆಗಳು ಒಂದೊಂದಾಗಿ ನೆಲ ಕಚ್ಚಿದವು.

ಹಾಗಾದರೆ ಆ ವಿಧಿಗಳನ್ನು ಕಲಿಸುವುದೇಕೆ? ಗುಂಡನ್ನು ಅವು ತಡೆಯುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ‘ಶತ್ರುವಿಗೆ ಯಾಕೆ ಡ್ರಿಪ್ ಹಾಕಿದೆ?’ ಎಂದು ಅಧಿಕಾರಿಯೊಬ್ಬ ಗದರಿಸಿದಾಗ, ತಾನು ತಪ್ಪಿತಸ್ಥಳಲ್ಲ, ತಪ್ಪು ಮಾಡುತ್ತಿರುವವನು ಅವನು ಎಂದು ನರ್ಸ್‌ಗೆ ಒಳಗಿಂದ ಗೊತ್ತಿರಬೇಕು. ‘ಆ ಮೂರನೇ ಬೆಡ್ಡಿನವನ ಹೆಸರೇನು, ಯಾವ ಊರು?’ ಎಂದು ಕೇಳಿದಾಗ ಕೇಸ್ ಶೀಟು ಎತ್ತಿ ಕೊಡದಿರಲು ಅವಳಿಗೊಂದು ಆಧಾರ ಬೇಕು. ನನ್ನಿಷ್ಟ ಎಂದರೆ ಸಾಲದು, ನನ್ನ ವೃತ್ತಿಯ ನಿಯಮ, ನಿಮ್ಮ ದೇಶವೂ ಸಹಿ ಹಾಕಿದ ನಿಯಮ ಎನ್ನಲು ಬರಬೇಕು.

ಆ ರಕ್ಷಣೆಗೂ ಎಲ್ಲೆಯಿದೆ, ಅದನ್ನೂ ಮುಚ್ಚಿಡಬಾರದು. ಮೊದಲ ಮಹಾಯುದ್ಧದಲ್ಲಿ ಬ್ರಸೆಲ್ಸ್‌ನಲ್ಲಿದ್ದ ಇಂಗ್ಲೆಂಡಿನ ನರ್ಸ್ ಎಡಿತ್ ಕ್ಯಾವೆಲ್ ಎರಡೂ ಕಡೆಯ ಗಾಯಾಳುಗಳನ್ನು ನೋಡಿಕೊಂಡರು. ಜೊತೆಗೆ ಸುಮಾರು 200 ಸೈನಿಕರು ತಪ್ಪಿಸಿಕೊಂಡು ಹೋಗಲು ನೆರವಾದರು. ಜರ್ಮನರು 1915ರ ಅಕ್ಟೋಬರ್ 12ರಂದು ಅವರನ್ನು ಗುಂಡಿಕ್ಕಿ ಕೊಂದದ್ದು ಈ ಎರಡನೆಯ ಕೆಲಸಕ್ಕೆ. ಕ್ಯಾವೆಲ್ ದೊಡ್ಡ ಜೀವ, ಅನುಮಾನವಿಲ್ಲ. ದೇಶಭಕ್ತಿಯೊಂದೇ ಸಾಲದು, ಯಾರನ್ನೂ ದ್ವೇಷಿಸಬಾರದು ಎಂದು ಹೇಳಿ ಸತ್ತವರು. ಆದರೆ ಶುಶ್ರೂಷೆಗೆ ಇರುವ ಕಾನೂನಿನ ರಕ್ಷೆ ಸೈನಿಕರನ್ನು ಗಡಿ ದಾಟಿಸುವುದಕ್ಕೆ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಗೊತ್ತಿದ್ದೂ ಯಾರಾದರೂ ಆ ಗೆರೆ ದಾಟಿದರೆ ಅದು ಅವರ ಆತ್ಮಸಾಕ್ಷಿಗೆ ಬಿಟ್ಟದ್ದು.

ಈಗ ಹೇಳುವುದು ನನಗೆ ಅತ್ಯಂತ ಕಷ್ಟದ ಸಂಗತಿ. 2023ರ ನವೆಂಬರ್‌ನಲ್ಲಿ ಗಾಜಾ ನಗರದ ಅಲ್-ನಸ್ರ್ ಮಕ್ಕಳ ಆಸ್ಪತ್ರೆಯನ್ನು ಖಾಲಿ ಮಾಡಬೇಕಾಗಿ ಬಂದಾಗ ಅಲ್ಲಿನ ತೀವ್ರ ನಿಗಾ ಘಟಕದಲ್ಲಿ ಐದು ಎಳೆಯ ಕೂಸುಗಳಿದ್ದವು, ಆಮ್ಲಜನಕದ ಆಸರೆಯಲ್ಲಿ. ನೋಡಿಕೊಳ್ಳುತ್ತಿದ್ದ ನರ್ಸ್ ಒಬ್ಬ ಪ್ಯಾಲೆಸ್ಟೀನಿನ ಗಂಡುಮಗ. ಎನ್‌ಐಸಿಯುನಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ದಿನ ತುಂಬದೆ ಹುಟ್ಟಿದ ಕೂಸಿನ ಚರ್ಮ ಎಷ್ಟು ತೆಳುವೆಂದರೆ ಪ್ಲಾಸ್ಟರ್ ಕಿತ್ತರೆ ಜೊತೆಗೆ ಚರ್ಮವೂ ಬರುತ್ತದೆ. ವಾರ್ಮರ್ ಹತ್ತು ನಿಮಿಷ ಆಫ್ ಆದರೆ ಅಂಗಾಲು ತಣ್ಣಗಾಗುತ್ತದೆ. ಎರಡೆರಡು ಗಂಟೆಗೆ ಟ್ಯೂಬಿನಲ್ಲಿ ನಾಲ್ಕೈದು ಎಂಎಲ್ ಹಾಲು. ಒಂದು ವಾರ್ಡಿನಿಂದ ಇನ್ನೊಂದಕ್ಕೆ ಒಯ್ಯುವುದಕ್ಕೂ ಟ್ರಾನ್ಸ್‌ಪೋರ್ಟ್ ಇನ್‌ಕ್ಯುಬೇಟರ್, ಸಣ್ಣ ಸಿಲಿಂಡರ್, ಅಂಬು ಬ್ಯಾಗ್ ಹಿಡಿದ ಇನ್ನೊಂದು ಜೊತೆ ಕೈ ಬೇಕು. ಅವನ ಬಳಿ ಆಂಬುಲೆನ್ಸ್ ಇರಲಿಲ್ಲ. ಬರುತ್ತದೆಂದು ಕಾದರೂ ಬರಲಿಲ್ಲ. ಆಮ್ಲಜನಕವಿಲ್ಲದೆ ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲದು ಎಂದು ತೋರಿದ ಒಂದೇ ಕೂಸನ್ನು ಎತ್ತಿಕೊಂಡ. ಉಳಿದ ನಾಲ್ಕನ್ನು ಯಂತ್ರಗಳಿಗೆ ಒಪ್ಪಿಸಿ, ಹೆಂಡತಿ ಮಕ್ಕಳೊಂದಿಗೆ ದಕ್ಷಿಣಕ್ಕೆ ನಡೆದ. ಎರಡು ವಾರಗಳ ನಂತರ ಕದನವಿರಾಮದ ವೇಳೆ ಒಳಗೆ ಹೋದ ಪತ್ರಕರ್ತರು ಆ ಹಾಸಿಗೆಗಳಲ್ಲಿ ಕಂಡದ್ದನ್ನು ನಾನಿಲ್ಲಿ ವರ್ಣಿಸುವುದಿಲ್ಲ.

ನಾವು ಕಲಿಸುವ ಟ್ರಯಾಜ್ ಎಂದರೆ ಇದೇ. ಯಾರು ಬದುಕಬಹುದೋ ಅವರನ್ನು ಮೊದಲು ಎತ್ತು. ಚೀಟಿಯ ಬಣ್ಣ ಹೇಳಿಕೊಡುವ ನಾವು, ಕಪ್ಪು ಚೀಟಿ ಕಟ್ಟಿದವಳು ಆ ರಾತ್ರಿ ಮಲಗುವುದು ಹೇಗೆ ಎಂದು ಹೇಳಿಕೊಡುವುದಿಲ್ಲ. ಆ ನರ್ಸ್ ಸೋಲಲಿಲ್ಲ. ಹಾಗೆ ಆರಿಸುವ ಸ್ಥಿತಿಗೆ ಅವನನ್ನು ತಂದು ನಿಲ್ಲಿಸಿದವರು ಅದಕ್ಕೆ ಉತ್ತರ ಕೊಡಬೇಕು. ಆದರೆ ಅವನ ಮನಸ್ಸು ಅದನ್ನು ಒಪ್ಪುತ್ತದೆಯೇ? ಯಾವುದು ಸರಿ ಎಂದು ಗೊತ್ತಿದ್ದೂ ಅದನ್ನು ಮಾಡಲು ಪರಿಸ್ಥಿತಿ ಬಿಡದಿದ್ದಾಗ ನರ್ಸ್ ಪಡುವ ಈ ಸಂಕಟವನ್ನು ಆಂಡ್ರ್ಯೂ ಜೇಮ್‌ಟನ್ ಎಂಬ ಅಮೆರಿಕದ ವಿದ್ವಾಂಸರು 1984ರಲ್ಲೇ ಗುರುತಿಸಿ ಬರೆದರು. ನಿದ್ರೆ ಬಾರದಿರುವುದು, ಕೆಲಸ ಬಿಡುವುದು, ಮತ್ತೆಂದೂ ಕೂಸು ಎತ್ತಿಕೊಳ್ಳಲಾಗದಿರುವುದು, ಹೀಗೆಲ್ಲ ಅದು ಹೊರಬರುತ್ತದೆ. ಇದನ್ನು ಹಗುರ ಮಾಡುವ ದಾರಿಗಳು ದೊಡ್ಡವಲ್ಲ. ಇಂಥ ತೀರ್ಮಾನವನ್ನು ಒಬ್ಬರ ತಲೆಗೇ ಕಟ್ಟದೆ, ಇರುವಷ್ಟು ಜನ ಸೇರಿ ತೆಗೆದುಕೊಳ್ಳಬೇಕು. ಯಾಕೆ ಹಾಗೆ ತೀರ್ಮಾನಿಸಿದೆವು ಎಂದು ಎರಡು ಸಾಲು ಬರೆದು ಇಬ್ಬರಾದರೂ ಸಹಿ ಹಾಕಬೇಕು. ಡ್ಯೂಟಿ ಮುಗಿದ ಮೇಲೆ ಕೂತು ಮಾತನಾಡಬೇಕು. ನಮ್ಮ ಕ್ಯಾಜುವಲ್ಟಿಗಳಲ್ಲಿ ದೊಡ್ಡ ಅಪಘಾತದ ನಂತರವೂ ಈ ಕೊನೆಯ ಕೆಲಸ ನಡೆಯುವುದನ್ನು ನಾನು ಕಂಡಿಲ್ಲ. ರಕ್ತ ಒರೆಸಿ ಹ್ಯಾಂಡೋವರ್ ಕೊಟ್ಟು ಬಸ್ಸು ಹತ್ತುತ್ತಾರೆ.

ನಿರಾಶ್ರಿತರ ಶಿಬಿರಗಳ ಪ್ರಶ್ನೆ ಇನ್ನೊಂದು ಬಗೆಯದು. 1994ರ ರುವಾಂಡಾ ನರಮೇಧದ ಬಳಿಕ ಗಡಿಯಾಚೆಯ ಗೋಮಾದಲ್ಲಿ ಕಾಲರಾ ಹರಡಿ ಸಾವಿರಾರು ಜನ ಸಾಯುತ್ತಿದ್ದಾಗ ನರ್ಸ್‌ಗಳು ಹಗಲಿರುಳೂ ಡ್ರಿಪ್ ಹಾಕಿದರು. ಆ ತೋಳುಗಳಲ್ಲಿ ಕೆಲವು ಮಚ್ಚು ಬೀಸಿದ ತೋಳುಗಳು. ಕೊಂದವರೇ ಶಿಬಿರದ ಯಜಮಾನರಾಗಿ ರೇಷನ್ ಹಂಚುತ್ತಿದ್ದರು. ಇದಕ್ಕೆ ನಾವು ನೆರವಾಗಲಾರೆವು ಎಂದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಫ್ರಾನ್ಸ್ ಶಾಖೆ ಅದೇ ವರ್ಷದ ಕೊನೆಗೆ ಹೊರಟಿತು. ಮಕ್ಕಳೂ ಇದ್ದಾರಲ್ಲ ಎಂದು ಉಳಿದ ಸಂಸ್ಥೆಗಳೂ ಇದ್ದವು. ಹಾಸಿಗೆಯ ಬಳಿ ನಿಂತ ನರ್ಸ್ ಮಟ್ಟಿಗೆ ನನ್ನ ಅಭಿಪ್ರಾಯದಲ್ಲಿ ಅನುಮಾನಕ್ಕೆ ಜಾಗವಿಲ್ಲ: ಎದುರಿಗಿರುವವನಿಗೆ ಡ್ರಿಪ್ ಹಾಕಬೇಕು. ಇರುವುದೋ ಹೊರಡುವುದೋ ಎಂಬುದನ್ನು ಸಂಸ್ಥೆ ತೀರ್ಮಾನಿಸಲಿ.

ಕಂಡದ್ದನ್ನು ಹೇಳಬೇಕೇ ಎಂಬುದು ಅಷ್ಟು ಸುಲಭವಲ್ಲ. ನಾಜಿಗಳ ಕ್ರೌರ್ಯ ಗೊತ್ತಿದ್ದೂ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1942ರ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಮಾತನಾಡದಿರಲು ತೀರ್ಮಾನಿಸಿತು. ಮಾತನಾಡಿದರೆ ಸೆರೆಶಿಬಿರಗಳ ಬಾಗಿಲು ಮುಚ್ಚೀತು ಎಂಬ ಹೆದರಿಕೆ. ನೈಜೀರಿಯಾದ ಬಯಾಫ್ರಾ ಯುದ್ಧದಲ್ಲಿ ಅದೇ ಮೌನವನ್ನು ಸಹಿಸದ ಫ್ರೆಂಚ್ ವೈದ್ಯರು ಪತ್ರಕರ್ತರೊಂದಿಗೆ ಸೇರಿ 1971ರಲ್ಲಿ ಬೇರೆ ಸಂಸ್ಥೆಯನ್ನು, ಅಂದರೆ ಈ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯನ್ನು, ಕಟ್ಟಿದರು. ನರ್ಸ್ ಕೈಯಲ್ಲಿರುವ ದೊಡ್ಡ ಸಾಕ್ಷ್ಯ ಅವಳ ಕೇಸ್ ಶೀಟು. ಗಾಯ ಎಲ್ಲಿದೆ, ಎಷ್ಟು ಉದ್ದ, ಯಾವ ಬಣ್ಣ, ರೋಗಿ ಏನು ಹೇಳಿದಳು, ಎಷ್ಟು ಹೊತ್ತಿಗೆ. ನಿಖರವಾಗಿ ಬರೆದಿಟ್ಟರೆ ಮುಂದೊಂದು ದಿನ ಕೋರ್ಟಿನಲ್ಲಿ ಅದು ಮಾತನಾಡುತ್ತದೆ. ಆದರೆ ಅತ್ಯಾಚಾರಕ್ಕೆ ಒಳಗಾದವಳ ಹೆಸರು ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಹೋಗಕೂಡದು. ಮತ್ತೆ ಫೋನು! ಪ್ರವಾಹದ ಶಿಬಿರಕ್ಕೆ ಹೋದರೂ ಮಗುವಿನ ಜೊತೆ ರೀಲ್ಸ್ ಮಾಡುವ ಚಟ ನಮ್ಮ ಮಕ್ಕಳಿಗೆ ಅಂಟಿದೆ. ನೊಂದವರ ಮುಖ ನಮ್ಮ ಸೇವೆಯ ಜಾಹೀರಾತಲ್ಲ ಎಂದು ಮೊದಲ ವರ್ಷದಲ್ಲೇ ಹೇಳಿಬಿಡಿ.

ಯುದ್ಧ ಯಾವಾಗಲೂ ಹೊರದೇಶದ್ದೇ ಆಗಬೇಕಿಲ್ಲ. 2023ರ ಮೇ ತಿಂಗಳಲ್ಲಿ ಮೈತೇಯಿ–ಕುಕಿ ಸಂಘರ್ಷದಲ್ಲಿ ಮಣಿಪುರ ಹೊತ್ತಿ ಉರಿದ ಮೇಲೆ ಮೈತೇಯಿ ಸಿಬ್ಬಂದಿ ಗುಡ್ಡದ ಜಿಲ್ಲೆಗಳಲ್ಲಿ, ಕುಕಿ ಸಿಬ್ಬಂದಿ ಇಂಫಾಲದಲ್ಲಿ ಕೆಲಸ ಮಾಡಲಾಗದ ಸ್ಥಿತಿ ಬಂತು. ಬೆಂಗಳೂರಿನ ನರ್ಸಿಂಗ್ ತರಗತಿಗಳಲ್ಲಿ ಮಣಿಪುರದ ಮಕ್ಕಳೂ ಕೂತಿದ್ದಾರೆ. 12ನೇ ವಿಧಿ ಅವರಿಗೆ ಪುಸ್ತಕದ ಮಾತಲ್ಲ.

ನಾನು ಕೇಳುವುದು ಹೊಸ ಸಿಲೆಬಸ್ಸನ್ನಲ್ಲ. ಅದು ಬರುವ ಹೊತ್ತಿಗೆ ಇನ್ನೆರಡು ಬ್ಯಾಚು ವಿಮಾನ ಹತ್ತಿರುತ್ತವೆ. ಇರುವ ಡಿಸಾಸ್ಟರ್ ನರ್ಸಿಂಗ್ ಪಾಠದಲ್ಲೇ ಮಾಕ್ ಡ್ರಿಲ್ ಮಾಡುವಾಗ ಒಬ್ಬ ಗಾಯಾಳುವಿಗೆ ‘ನಿನ್ನ ಊರಿಗೆ ಬೆಂಕಿ ಇಟ್ಟವನು’ ಎಂಬ ಚೀಟಿ ಅಂಟಿಸಿ ನೋಡಿ. ಒಬ್ಬ ಹುಡುಗ ಅಧಿಕಾರಿಯ ಪಾತ್ರ ಹಾಕಿ ‘ನನ್ನವನಿಗೆ ಮೊದಲು’ ಎಂದು ಗದರಿಸಲಿ. ಹುಡುಗಿಯರು ಏನು ಹೇಳುತ್ತಾರೆ, ಎಲ್ಲಿ ತಡವರಿಸುತ್ತಾರೆ, ಕೂತು ಚರ್ಚಿಸಿ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಅಧಿಕಾರಿಗಳಿದ್ದಾರೆ. ಸಮವಸ್ತ್ರವನ್ನೂ ಶುಶ್ರೂಷೆಯನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ ಎಂದು ಹೇಳಲು ಅವರಿಗಿಂತ ಅರ್ಹರು ಯಾರು? ಕರೆಸಿ. ಹೊರದೇಶಕ್ಕೆ ಹೊರಟವರ ಕರಾರುಪತ್ರವನ್ನು ಸಹಿಗೆ ಮೊದಲು ಒಬ್ಬ ಅಧ್ಯಾಪಕರಾದರೂ ಓದಿ. ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ, ಯುದ್ಧ ಬಂದರೆ ಕೆಲಸ ಬಿಡುವ ಹಕ್ಕು ಬರೆದಿದೆಯೇ, ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದಾರೆಯೇ ಎಂದು ಕೇಳಿ.

ಎಲ್ಲಕ್ಕಿಂತ ಮೊದಲು ನಮ್ಮ ವಾರ್ಡಿನಲ್ಲಿ ಒಂದು ಸಂಗತಿ ಬದಲಾಗಬೇಕು. ಇನ್ಸುಲಿನ್ ಡೋಸ್ ಜಾಸ್ತಿ ಕಾಣಿಸುತ್ತದೆ, ಇನ್ನೊಮ್ಮೆ ಕೇಳಿ ಬರಲೇ ಎಂದ ಎರಡನೇ ವರ್ಷದ ಹುಡುಗಿಗೆ ‘ಎದುರುತ್ತರ ಕೊಡ್ತೀಯಾ?’ ಎಂದು ಎಲ್ಲರೆದುರು ಗದರಿಸುವುದು ಇವತ್ತಿಗೂ ನಡೆಯುತ್ತಿದೆ. ಆ ದಿನ ಬಾಯಿ ಮುಚ್ಚಿಕೊಂಡವಳು ನಾಳೆ ಕರ್ನಲ್ಲನ ಎದುರು ಬಾಯಿ ಬಿಡುವುದಿಲ್ಲ. ಅವಳು ಹಾಗೆ ಕೇಳಿದಾಗ ಜೊತೆಗೆ ಹೋಗಿ ಡಾಕ್ಟರನ್ನು ಕೇಳಿ. ಅವಳ ಅನುಮಾನ ಸುಳ್ಳಾಗಿದ್ದರೂ ಕೇಳಿದ್ದು ಒಳ್ಳೆಯದಾಯಿತು ಎನ್ನಿ.

ಬರುವ ಮೇ 12ರ ನರ್ಸ್‌ಗಳ ದಿನದಂದು ಮಕ್ಕಳು ದೀಪ ಹಿಡಿದು ಪ್ರತಿಜ್ಞೆ ಹೇಳುವಾಗ ಜಿನೀವಾ ಒಪ್ಪಂದದ 12 ಮತ್ತು 18ನೇ ವಿಧಿಗಳನ್ನೂ ಕನ್ನಡದಲ್ಲಿ ಓದಿಸಿ, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿಯೊಬ್ಬರ ಕೈಗೂ ಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಸಹೋದ್ಯೋಗಿ,
ನಿವೃತ್ತ ನರ್ಸಿಂಗ್ ಅಧ್ಯಾಪಕಿ